ಒಂದು ತೇರು, ಮೂರು ಟ್ರಾನ್ಸ್‌ಫಾರ್ಮ್ ವಿಧಾನಗಳು: ಗೇಮ್ ಎಂಜಿನ್‌ನಲ್ಲಿ ಮ್ಯಾಟ್ರಿಕ್ಸ್, ಆಯ್ಲರ್ ಕೋನ ಮತ್ತು ಕ್ವಾಟರ್ನಿಯನ್

ಗೇಮ್ ಎಂಜಿನ್, ಅಂದರೆ ಆಟಗಳನ್ನು ನಡೆಸುವ ತಂತ್ರಾಂಶ ಬರೆಯಲು ತೊಡಗಿದವರು ಆರಂಭದಲ್ಲೇ ತೀರ್ಮಾನಿಸಬೇಕಾದ ವಿಷಯವೆಂದರೆ, ಪ್ರತಿಯೊಂದು ವಸ್ತುವಿನ ಸ್ಥಾನ, ತಿರುವು ಮತ್ತು ಅಳತೆಯನ್ನು (ಈ ಮೂರೂ ಸೇರಿ ಟ್ರಾನ್ಸ್‌ಫಾರ್ಮ್) ಯಾವ ರೂಪದಲ್ಲಿ ಇಟ್ಟುಕೊಳ್ಳಬೇಕು ಎಂಬುದು. ಇದಕ್ಕೆ ಮೂರು ದಾರಿಗಳು ಬಳಕೆಯಲ್ಲಿವೆ. ಎಲ್ಲವನ್ನೂ 16 ಸಂಖ್ಯೆಗಳ ಒಂದೇ ಕೋಷ್ಟಕದಲ್ಲಿ, ಅಂದರೆ 4×4 ಮ್ಯಾಟ್ರಿಕ್ಸ್‌ನಲ್ಲಿ ಇಡಬಹುದು. ತಿರುವನ್ನು ಮೂರು ಅಕ್ಷಗಳ ಸುತ್ತಲಿನ ಮೂರು ಕೋನಗಳಾಗಿ, ಅಂದರೆ ಆಯ್ಲರ್ ಕೋನಗಳಾಗಿ ಇಡಬಹುದು. ಇಲ್ಲವೇ ಸ್ಥಾನ, ಕ್ವಾಟರ್ನಿಯನ್ (ತಿರುವನ್ನು ಹೇಳುವ ನಾಲ್ಕು ಸಂಖ್ಯೆಗಳ ಗುಂಪು), ಸ್ಕೇಲ್ (ಅಳತೆ) ಎಂದು ಬಿಡಿಬಿಡಿಯಾಗಿ ಇಟ್ಟು, ಮ್ಯಾಟ್ರಿಕ್ಸನ್ನು ಬೇಕಾದಾಗ ಕಟ್ಟಿಕೊಳ್ಳಬಹುದು. ಈ ಮೂರನ್ನೂ ಒಂದೇ ದೃಶ್ಯದ ಮೇಲೆ ಪ್ರಯೋಗಿಸಿ ನೋಡಲು ನಾನು ಆರಿಸಿಕೊಂಡದ್ದು ನಮ್ಮ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರನ್ನು. ತೇರು ಮುಂದೆ ಸಾಗಬೇಕು, ಅದರೊಡನೆ ಅಚ್ಚು ಸಾಗಬೇಕು, ಅಚ್ಚಿನಲ್ಲಿ ಗಾಲಿ ಉರುಳಬೇಕು, ತುದಿಯ ಕಳಸ ತುಸು ಓಲಾಡಬೇಕು, ಭಕ್ತರು ಎಸೆದ ಉತ್ತತ್ತಿ ಗಾಳಿಯಲ್ಲಿ ಹೊರಳುತ್ತ ಮೇಲೇರಬೇಕು. ಟ್ರಾನ್ಸ್‌ಫಾರ್ಮ್ ವ್ಯವಸ್ಥೆಯ ಬಹುಪಾಲು ಕಷ್ಟಗಳು ಈ ಒಂದೇ ದೃಶ್ಯದಲ್ಲಿ ಎದುರಾಗುತ್ತವೆ.

ಮ್ಯಾಟ್ರಿಕ್ಸ್‌ನ ನಿಜವಾದ ಬಲ ಕಾಣುವುದು ಒಂದು ವಸ್ತು ಇನ್ನೊಂದರ ಆಶ್ರಯದಲ್ಲಿರುವಾಗ. ತೇರಿನ ಮ್ಯಾಟ್ರಿಕ್ಸನ್ನು ಅಚ್ಚಿನ ಮ್ಯಾಟ್ರಿಕ್ಸ್‌ನಿಂದ, ಬಂದ ಫಲವನ್ನು ಗಾಲಿಯ ಮ್ಯಾಟ್ರಿಕ್ಸ್‌ನಿಂದ ಗುಣಿಸಿದರೆ ಗಾಲಿಯು ಜಗತ್ತಿನಲ್ಲಿ ಎಲ್ಲಿ, ಹೇಗೆ ನಿಂತಿದೆ ಎಂಬುದು ಒಂದೇ ಕೋಷ್ಟಕದಲ್ಲಿ ಸಿಗುತ್ತದೆ. ಕೊನೆಯ ಕಂಬಸಾಲನ್ನು (ಮೇಲಿನಿಂದ ಕೆಳಗಿನ ಸಾಲನ್ನು) ಓದಿದರೆ ಸ್ಥಾನವೇ ಕಣ್ಣೆದುರಿಗೆ ಇರುತ್ತದೆ. ಗುಣಾಕಾರದ ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ ಎಂಬುದನ್ನು ಮಾತ್ರ ಸದಾ ನೆನಪಿನಲ್ಲಿಡಬೇಕು. ಗಾಲಿಯನ್ನು ತಿರುಗಿಸಿ ನಂತರ ಸರಿಸಿದರೆ ಅದು ತನ್ನ ಅಚ್ಚಿನ ಸುತ್ತ ಉರುಳುತ್ತದೆ. ಸರಿಸಿ ನಂತರ ತಿರುಗಿಸಿದರೆ ತೇರಿನ ಮಧ್ಯಬಿಂದುವನ್ನು ಪ್ರದಕ್ಷಿಣೆ ಹಾಕತೊಡಗುತ್ತದೆ. ಇದರ ಜೊತೆಗೆ ಗಣಿತದ ಸಿದ್ಧ ಕೋಡ್ ಒದಗಿಸುವ ಗ್ರಂಥಾಲಯಗಳ (ಲೈಬ್ರರಿಗಳ) ರೂಢಿಯೂ ಬೇರೆಬೇರೆ: ಜಿಎಲ್‌ಎಂ ಸದಿಶವನ್ನು (ಬಿಂದು ಅಥವಾ ದಿಕ್ಕನ್ನು ಹೇಳುವ ಸಂಖ್ಯೆಗಳ ಸಾಲನ್ನು) ಕಂಬಸಾಲಾಗಿ ಬಲಕ್ಕೆ ಇಟ್ಟರೆ, ಡೈರೆಕ್ಟ್‌ಎಕ್ಸ್‌ಮ್ಯಾತ್ ಅಡ್ಡಸಾಲಾಗಿ ಎಡಕ್ಕೆ ಇಡುತ್ತದೆ. ಒಂದರಲ್ಲಿ ಬರೆದ ಸೂತ್ರವನ್ನು ಇನ್ನೊಂದಕ್ಕೆ ಒಯ್ಯುವಾಗ ಕ್ರಮವನ್ನು ತಿರುವುಮುರುವು ಮಾಡಲೇಬೇಕಾಗುತ್ತದೆ.

ಆದರೆ ಮ್ಯಾಟ್ರಿಕ್ಸನ್ನೇ ಮೂಲ ದಾಖಲೆಯಾಗಿಟ್ಟುಕೊಂಡು ಪ್ರತಿ ಫ್ರೇಮಿನಲ್ಲೂ (ಪರದೆಯ ಮೇಲೆ ಮೂಡುವ ಪ್ರತಿ ಚಿತ್ರದಲ್ಲೂ) ಒಂದು ಸಣ್ಣ ತಿರುವಿನಿಂದ ಅದನ್ನು ಗುಣಿಸುತ್ತ ಹೋದಾಗ ದೋಷ ತಲೆದೋರುತ್ತದೆ. ಸೆಕೆಂಡಿಗೆ 60 ಫ್ರೇಮುಗಳಂತೆ ಒಂದು ಗಂಟೆಗೆ 2,16,000 ಗುಣಾಕಾರಗಳಾಗುತ್ತವೆ; ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನು ಇಡುವ ಸಾಮಾನ್ಯ 32 ಬಿಟ್‌ನ ಫ್ಲೋಟ್‌ಗೆ ಇರುವುದು ಸುಮಾರು 7 ದಶಾಂಕಗಳ ನಿಖರತೆ ಮಾತ್ರ. ಪ್ರತಿ ಬಾರಿಯ ಸಣ್ಣ ತಪ್ಪು ಕೂಡುತ್ತ ಹೋಗಿ, ಪರಸ್ಪರ ಲಂಬವಾಗಿರಬೇಕಾದ ಮೂರು ಅಕ್ಷಗಳು ಓರೆಯಾಗಿ, ಗಾಲಿಯ ದುಂಡುತನವೇ ಕೆಡುತ್ತದೆ. ಅಕ್ಷಗಳನ್ನು ಆಗಾಗ ಮತ್ತೆ ಲಂಬಗೊಳಿಸುವುದು ಇದಕ್ಕೆ ಮದ್ದು. ತಿರುವು ಮತ್ತು ಸ್ಕೇಲನ್ನು 3×3 ಮ್ಯಾಟ್ರಿಕ್ಸ್‌ನಲ್ಲಿ ಇಡುವ ಗೋಡೋ ಎಂಜಿನ್ ಇದಕ್ಕೆಂದೇ ಒಂದು ಫಂಕ್ಷನ್ ಒದಗಿಸಿದೆ. ಹಾಗೆ ಮಾಡಿದೊಡನೆ ಮ್ಯಾಟ್ರಿಕ್ಸ್‌ನಲ್ಲಿದ್ದ ಸ್ಕೇಲ್ ಅಳಿಸಿಹೋಗುವುದರಿಂದ ಅದನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಬೇಕು. ಅಲ್ಲಿಗೆ ಎಲ್ಲವೂ ಒಂದೇ ಕಡೆ ಇದೆ ಎಂಬ ಅನುಕೂಲ ಉಳಿಯುವುದಿಲ್ಲ.

ಎರಡು ಭಂಗಿಗಳ ನಡುವಿನ ಚಲನೆಯಲ್ಲಿಯೂ ಮ್ಯಾಟ್ರಿಕ್ಸ್ ಸೋಲುತ್ತದೆ. 0 ಡಿಗ್ರಿಯ ಮತ್ತು 90 ಡಿಗ್ರಿಯ ತಿರುವುಗಳ ಸರಾಸರಿ ತೆಗೆದರೆ ಬರಬೇಕಾದದ್ದು 45 ಡಿಗ್ರಿ. ದಿಕ್ಕೇನೋ ಸರಿಯಾಗಿಯೇ ಬರುತ್ತದೆ, ಆದರೆ ತಿರುಗುವ ಎರಡು ಅಕ್ಷಗಳ ಉದ್ದ 1 ಇರಬೇಕಾದಲ್ಲಿ 0.707 ಆಗುತ್ತದೆ. ಪರದೆಯ ಮೇಲೆ ವಸ್ತು ಅರ್ಧ ದಾರಿಯಲ್ಲಿ ಕುಗ್ಗಿ ಮತ್ತೆ ಹಿಗ್ಗುವುದು ಸ್ಪಷ್ಟವಾಗಿ ಕಾಣುತ್ತದೆ.

ಆಯ್ಲರ್ ಕೋನಗಳ ಗುಣವೆಂದರೆ ಮನುಷ್ಯರು ಅವನ್ನು ಓದಬಲ್ಲರು. ದೃಶ್ಯವನ್ನು ಜೋಡಿಸುವ ಕಲಾವಿದರಿಗೆ ತೇರು ಬಲಕ್ಕೆ 15 ಡಿಗ್ರಿ ತಿರುಗಲಿ ಎಂದು ಬರೆಯಲು ಇದಕ್ಕಿಂತ ಸುಲಭವಾದ ರೂಪವಿಲ್ಲ. ಒಳಗೆ ಕ್ವಾಟರ್ನಿಯನ್ ಇಟ್ಟುಕೊಂಡಿರುವ ಯೂನಿಟಿ ಎಂಜಿನ್ ಕೂಡ ಸಂಪಾದಕದಲ್ಲಿ ತೋರಿಸುವುದು ಈ ಕೋನಗಳನ್ನೇ. ಆದರೆ ಕ್ಯಾಮೆರಾವನ್ನು ತೇರಿನ ಬುಡಕ್ಕೆ ತಂದು, ಕಳಸದತ್ತ ನೆಟ್ಟಗೆ 90 ಡಿಗ್ರಿ ಮೇಲಕ್ಕೆತ್ತಿದಾಗ ಮೂರರಲ್ಲಿ ಎರಡು ಅಕ್ಷಗಳು ಒಂದೇ ರೇಖೆಗೆ ಬಂದು, ಒಂದು ದಿಕ್ಕಿನ ಸ್ವಾತಂತ್ರ್ಯ ಇಲ್ಲವಾಗುತ್ತದೆ. ಗಿಂಬಲ್ ಲಾಕ್ ಎನ್ನುವುದು ಇದನ್ನೇ. ಉತ್ತತ್ತಿಯ ಹೊರಳಾಟದಲ್ಲಿ ಕೊರತೆ ಇನ್ನೂ ಎದ್ದು ಕಾಣುತ್ತದೆ. ಮೂರು ಅಕ್ಷಗಳ ಕೋನವೇಗವನ್ನು ಮೂರು ಕೋನಗಳಿಗೆ ನೇರವಾಗಿ ಕೂಡಿಸಿದರೆ ಅದು ನೈಜ ವಸ್ತುವಿನಂತೆ ಹೊರಳದೆ, ನಡುನಡುವೆ ವೇಗ ಬದಲಿಸಿದಂತೆ ತೋರುತ್ತದೆ. ಹಾಗೆಂದು ಈ ವಿಧಾನವನ್ನು ಪೂರ್ತಿ ಕೈಬಿಡುವುದು ಸರಿಯಲ್ಲ: ಎಡಬಲಕ್ಕೆ ತಿರುಗುತ್ತ, ಮೇಲೆ ಕೆಳಗೆ 89 ಡಿಗ್ರಿಯ ಮಿತಿಯೊಳಗೆ ನೋಡುವ ಆಟಗಾರನ ಕ್ಯಾಮೆರಾಕ್ಕೆ ಎರಡು ಕೋನಗಳೇ ಅತ್ಯಂತ ನೇರವಾದ ಉಪಾಯ ಎಂಬುದು ನನ್ನ ಅಭಿಪ್ರಾಯ.

ಕ್ವಾಟರ್ನಿಯನ್‌ಗಳನ್ನು ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಡಬ್ಲಿನ್‌ನಲ್ಲಿ ಕಂಡುಕೊಂಡರು. ಅವು ಆನಿಮೇಷನ್‌ಗೆ ಎಷ್ಟು ಒದಗುತ್ತವೆ ಎಂಬುದನ್ನು ಕಂಪ್ಯೂಟರ್ ಗ್ರಾಫಿಕ್ಸ್ ಕ್ಷೇತ್ರಕ್ಕೆ ಮನಗಾಣಿಸಿದ್ದು ಕೆನ್ ಶೂಮೇಕ್ ಅವರ 1985ರ ಪ್ರಬಂಧ. ನಾಲ್ಕೇ ಸಂಖ್ಯೆಗಳು, 16 ಬೈಟ್. ಎರಡು ತಿರುವುಗಳನ್ನು ಸೇರಿಸಲು 3×3 ಮ್ಯಾಟ್ರಿಕ್ಸ್‌ಗೆ 27 ಗುಣಾಕಾರಗಳು ಬೇಕಾದರೆ ಇಲ್ಲಿ 16 ಸಾಕು. ದಶಾಂಕದ ತಪ್ಪು ಇಲ್ಲಿಯೂ ಸೇರುತ್ತದೆ, ಆದರೆ ನಾಲ್ಕು ಸಂಖ್ಯೆಗಳನ್ನು ಅವುಗಳ ಒಟ್ಟು ಉದ್ದದಿಂದ ಭಾಗಿಸಿದರೆ ಮತ್ತೆ ಶುದ್ಧ ತಿರುವು ದೊರೆಯುತ್ತದೆ. ಉತ್ತತ್ತಿ ಸಹಜವಾಗಿ ಹೊರಳಿದ್ದು, ಕ್ಯಾಮೆರಾ ಕಳಸದ ನೇರಕ್ಕೆ ಹೋದರೂ ಸಿಕ್ಕಿಹಾಕಿಕೊಳ್ಳದಿದ್ದದ್ದು ಈ ವಿಧಾನದಲ್ಲಿಯೇ. ಒಂದು ಎಚ್ಚರಿಕೆ ಅಗತ್ಯ. ಒಂದೇ ತಿರುವಿಗೆ ಧನ ಮತ್ತು ಋಣ ಚಿಹ್ನೆಯ ಎರಡು ಕ್ವಾಟರ್ನಿಯನ್‌ಗಳಿರುವುದರಿಂದ, ಎರಡು ಭಂಗಿಗಳ ನಡುವೆ ಚಲಿಸುವ ಮುನ್ನ ಅವುಗಳ ಅದಿಶ ಗುಣಲಬ್ಧವನ್ನು (ಜೊತೆಜೊತೆ ಸಂಖ್ಯೆಗಳನ್ನು ಗುಣಿಸಿ ಕೂಡಿಸಿದ ಮೊತ್ತವನ್ನು) ನೋಡಬೇಕು. ಅದು ಋಣವಾಗಿದ್ದರೆ ಒಂದರ ಚಿಹ್ನೆಯನ್ನು ಬದಲಿಸಬೇಕು. ಇಲ್ಲದಿದ್ದರೆ ಕಳಸವು ಹತ್ತಿರದ ದಾರಿ ಬಿಟ್ಟು ಸುತ್ತುದಾರಿ ಹಿಡಿಯುತ್ತದೆ.

ಆದ್ದರಿಂದ ನನ್ನ ಆಯ್ಕೆ ಮೂರನೆಯದು: ಸ್ಥಾನಕ್ಕೆ 3, ತಿರುವಿಗೆ 4, ಸ್ಕೇಲಿಗೆ 3, ಒಟ್ಟು 10 ಫ್ಲೋಟ್‌ಗಳು, ಅಂದರೆ 40 ಬೈಟ್. ಅನ್‌ರಿಯಲ್ ಎಂಜಿನ್ ಕೂಡ ಟ್ರಾನ್ಸ್‌ಫಾರ್ಮನ್ನು ಹೀಗೆಯೇ ಬಿಡಿಸಿ ಇಡುತ್ತದೆ. ಗಾಲಿಯ ತಿರುವನ್ನು ಫ್ರೇಮಿನಿಂದ ಫ್ರೇಮಿಗೆ ಕೂಡಿಸುವ ಬದಲು, ತೇರು ಸಾಗಿದ ದೂರವನ್ನು ತ್ರಿಜ್ಯದಿಂದ ಭಾಗಿಸಿ ಪ್ರತಿ ಬಾರಿಯೂ ಹೊಸದಾಗಿ ಪಡೆಯುತ್ತೇನೆ, ತ್ರಿಜ್ಯ 0.75 ಮೀಟರ್ ಇದ್ದರೆ ತೇರು 4.71 ಮೀಟರ್ ಸಾಗಿದಾಗ ಗಾಲಿ ಒಂದು ಸುತ್ತು ಪೂರೈಸುತ್ತದೆ, ತಪ್ಪು ಕೂಡಿಕೊಳ್ಳಲು ಅವಕಾಶವೇ ಇರುವುದಿಲ್ಲ.

ಈ ಆಯ್ಕೆಗೆ ಇರುವ ಮಿತಿಯನ್ನೂ ಹೇಳಬೇಕು. ತೇರಿನ ಮೇಲ್ಭಾಗವನ್ನು ಎತ್ತರದಲ್ಲಿ ಮಾತ್ರ 1.3 ಪಟ್ಟು ಹಿಗ್ಗಿಸಿ, ಅದಕ್ಕೆ ಓರೆಯಾಗಿ ಒಂದು ಪತಾಕೆಯನ್ನು ಕಟ್ಟಿದಾಗ, ಪತಾಕೆಯ ಚೌಕ ಮೂಲೆಗಳು ವಾಲಬೇಕು. ಮ್ಯಾಟ್ರಿಕ್ಸ್ ಆ ವಾಲುವಿಕೆಯನ್ನು ಸಹಜವಾಗಿ ಹಿಡಿದಿಡುತ್ತದೆ. ಸ್ಥಾನ, ತಿರುವು, ಸ್ಕೇಲ್ ಎಂಬ ಮೂರು ಭಾಗಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಹೀಗಾಗಿ ತಾಯಿ ವಸ್ತು ಮತ್ತು ಮಗು ವಸ್ತುಗಳನ್ನು ಜೋಡಿಸುವ ಕೊನೆಯ ಗುಣಾಕಾರವನ್ನು ನಾನು ಮ್ಯಾಟ್ರಿಕ್ಸ್‌ಗೇ ಬಿಟ್ಟಿದ್ದೇನೆ. ವಸ್ತುವಿನ ಆಕಾರವನ್ನು ರೂಪಿಸುವ ಸಾವಿರಾರು ಮೂಲೆಬಿಂದುಗಳನ್ನು, ಅಂದರೆ ಶೃಂಗಬಿಂದುಗಳನ್ನು ತಿರುಗಿಸುವ ಕೆಲಸಕ್ಕೂ ಅದೇ ಅಗ್ಗ, ಏಕೆಂದರೆ ಒಂದು ಬಿಂದುವಿನ ತಿರುವಿಗೆ 9 ಗುಣಾಕಾರಗಳು ಸಾಕು.

ಪರದೆಯ ಚಿತ್ರ ಬಿಡಿಸುವ ಚಿಪ್ ಆದ ಜಿಪಿಯುಗೆ ಕಳಿಸುವಾಗ ವಸ್ತುಗಳ ಮ್ಯಾಟ್ರಿಕ್ಸ್‌ನ ಕೆಳಸಾಲು ಯಾವಾಗಲೂ 0, 0, 0, 1 ಆಗಿರುವುದರಿಂದ ಅದನ್ನು ಬಿಟ್ಟು, 64 ಬೈಟ್‌ಗಳ ಬದಲು 48 ಬೈಟ್‌ಗಳನ್ನಷ್ಟೇ ಕಳಿಸಬಹುದು. ದೂರದ ವಸ್ತು ಚಿಕ್ಕದಾಗಿ ಕಾಣುವಂತೆ ಮಾಡುವ ಕ್ಯಾಮೆರಾದ ಪ್ರೊಜೆಕ್ಷನ್ ಮ್ಯಾಟ್ರಿಕ್ಸ್‌ಗೆ ಮಾತ್ರ ಆ ನಾಲ್ಕನೆಯ ಸಾಲು ಬೇಕೇಬೇಕು. ಇನ್ನು ಹಿಗ್ಗಿಸಿದ ಮೇಲ್ಭಾಗದ ಮೇಲೆ ಬೆಳಕು ಸರಿಯಾಗಿ ಬೀಳಬೇಕಾದರೆ, ಮೇಲ್ಮೈಯ ಲಂಬ ಸದಿಶಗಳನ್ನು ಅದೇ ಮ್ಯಾಟ್ರಿಕ್ಸ್‌ನಿಂದ ಗುಣಿಸದೆ, ಅದರ 3×3 ಭಾಗದ ವಿಲೋಮವನ್ನು (ಅದರ ಪರಿಣಾಮವನ್ನು ಹಿಂದಿರುಗಿಸುವ ಮ್ಯಾಟ್ರಿಕ್ಸನ್ನು) ಪಡೆದು, ಅದರ ಸಾಲುಗಳನ್ನೂ ಕಂಬಸಾಲುಗಳನ್ನೂ ಅದಲುಬದಲು ಮಾಡಿ ಬಳಸಬೇಕು.