ಸಿಝಡ್ 457 ವಾರ್ಮಿಂಟ್ .22: ಬಹಳ ಕಾಲ ಬಳಸಿದ ಮೇಲಿನ ಅಭಿಪ್ರಾಯ

ಗುರಿ ಅಭ್ಯಾಸಕ್ಕೆಂದು ಕೈಗೆಟುಕುವ ಬೆಲೆಯ .22 ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟಿನ ಹಿಡಿಯನ್ನು ಕೈಯಿಂದ ಆಡಿಸಿ ತೋಟಾ ಏರಿಸುವ ಬಗೆ) ಹುಡುಕುವವರಿಗೆ ಅಮೆರಿಕದ ಅಂಗಡಿಗಳಲ್ಲಿ ನಾಲ್ಕು ಹೆಸರು ಪದೇ ಪದೇ ಎದುರಾಗುತ್ತವೆ: ಸ್ಯಾವೇಜ್ ಮಾರ್ಕ್ 2, ರೂಗರ್ ಅಮೆರಿಕನ್ ರಿಮ್‌ಫೈರ್, ಟಿಕ್ಕಾ ಟಿ1ಎಕ್ಸ್ ಮತ್ತು ಜೆಕ್ ದೇಶದ ಸಿಝಡ್ 457. ಬ್ಯಾರೆಲ್ ಉದ್ದ, ತೂಕ, ಬಣ್ಣ ಎಲ್ಲವೂ ಅಂಗಡಿಯ ಪುಟದಲ್ಲೇ ಸಿಗುತ್ತವೆ, ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಈ ರೈಫಲ್ ಬಗ್ಗೆ ಬರೆಯಬೇಕೆನಿಸಿದ್ದು ಎರಡು ಕಾರಣಕ್ಕೆ. ಒಂದು, ಬೋಲ್ಟು ಮತ್ತು ಟ್ರಿಗರ್ ದಿನಾ ಕೊಡುವ ಸುಖ. ಇನ್ನೊಂದು, ಚೇಂಬರ್ (ಬ್ಯಾರೆಲ್ಲಿನ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಒಳಗೆ ಕಟ್ಟಿಕೊಳ್ಳುವ ಕಾರ್ಬನ್ನಿನ ಕಾಟ. ಎರಡನೆಯದನ್ನು ಮಾರುವವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲು ಸುಖದ ಮಾತು. ಸಿಝಡ್‌ನ ಹಳೆಯ ಮಾದರಿಗಳಾದ 452 ಮತ್ತು 455ರಲ್ಲಿ ಬೋಲ್ಟಿನ ಹಿಡಿಯನ್ನು 90 ಡಿಗ್ರಿ ಎತ್ತಬೇಕಿತ್ತು. ದೊಡ್ಡ ಕಣ್ಣುಗಾಜಿನ ಸ್ಕೋಪ್ ಕೂರಿಸಿದರೆ ಬೆರಳು ಅದಕ್ಕೆ ತಗಲುತ್ತಿತ್ತು. 457ರಲ್ಲಿ 60 ಡಿಗ್ರಿ ಸಾಕು. ಮಲಗಿ ಹೊಡೆಯುವಾಗ ಕೆನ್ನೆಯನ್ನು ಸ್ಟಾಕಿನಿಂದ (ರೈಫಲ್ಲಿನ ಹಿಡಿಯುವ, ಭುಜಕ್ಕೆ ಒರಗಿಸುವ ಭಾಗ) ಎತ್ತದೆ, ಸ್ಕೋಪಿನಿಂದ ಕಣ್ಣು ತೆಗೆಯದೆ ಮುಂದಿನ ತೋಟಾ ಏರಿಸಬಹುದು. ಐದು ಗುಂಡುಗಳ ಒಂದು ಸುತ್ತಿನುದ್ದಕ್ಕೂ ದೇಹದ ನಿಲುವು ಕದಲದೆ ಉಳಿಯುವುದು ಇದರಿಂದಲೇ. ಗುಂಡುಗಳು ಗುರಿಹಾಳೆಯ ಮೇಲೆ ಹತ್ತಿರ ಹತ್ತಿರ ಬೀಳುವುದಕ್ಕೆ ಬ್ಯಾರೆಲ್ಲಿನ ಗುಣ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ. ಸೇಫ್ಟಿಯೂ ಸರಿಹೋಗಿದೆ: ಮುಂದಕ್ಕೆ ತಳ್ಳಿದರೆ ಹೊಡೆಯಲು ಸಿದ್ಧ, ಹಿಂದಕ್ಕೆ ಎಳೆದರೆ ಭದ್ರ. 455 ಬಳಸಿ ಅಭ್ಯಾಸವಿರುವವರಿಗೆ ಇದು ತಲೆಕೆಳಗು, ಆದ್ದರಿಂದ ಎರಡನ್ನೂ ಇಟ್ಟುಕೊಂಡವರು ಎಚ್ಚರವಾಗಿರಬೇಕು. ಟ್ರಿಗರಿನ ಭಾರ, ಬಿಡುವ ಮುಂಚಿನ ಚಲನೆ, ಬಿಟ್ಟ ನಂತರದ ಚಲನೆ, ಮೂರನ್ನೂ ತಿರುಪಿನಿಂದ ಹೊಂದಿಸಿಕೊಳ್ಳಬಹುದು. ಈ ಬೆಲೆಗೆ ಇಷ್ಟು ಸ್ವಚ್ಛವಾಗಿ ಕಳಚಿಕೊಳ್ಳುವ ಟ್ರಿಗರ್ ಸಿಗುವುದು ಸಂತೋಷದ ವಿಷಯ.

ಜೇಬಿನ ವಿಚಾರ. ಸ್ಯಾವೇಜ್ ಅಥವಾ ರೂಗರ್ ಇದಕ್ಕಿಂತ ನೂರಿನ್ನೂರು ಡಾಲರ್ ಕಡಿಮೆಗೆ ಬರುತ್ತವೆ. ರೂಗರ್‌ಗೆ ಅದೇ ಕಂಪನಿಯ ಇನ್ನೊಂದು .22 ರೈಫಲ್ ಆದ 10/22ರ ಹತ್ತು ಗುಂಡಿನ ಮ್ಯಾಗಝೀನ್ ಹೊಂದುತ್ತದೆ, ಅದು ಎಲ್ಲ ಕಡೆ ಸಿಗುತ್ತದೆ. ಮನೆಯಲ್ಲಿ ಆಗಲೇ 10/22 ಇದ್ದರೆ ಅದೇ ಜಾಣತನದ ಆಯ್ಕೆ. ಸ್ಯಾವೇಜ್‌ನ ಟ್ರಿಗರ್, ಅಕ್ಯುಟ್ರಿಗರ್ ಎಂಬುದು, ಕೂಡ ಹೊಂದಿಸಲು ಬರುತ್ತದೆ. ಆದರೆ ತೆಳು ಪ್ಲಾಸ್ಟಿಕ್ ಸ್ಟಾಕ್ ಇರುವ ಯಾವುದೇ ಅಗ್ಗದ ರೈಫಲ್ಲಿನಲ್ಲಿ ಒಂದು ವಿಷಯವನ್ನು ಕೊಳ್ಳುವ ಮುಂಚೆಯೇ ಪರೀಕ್ಷಿಸಿ. ಖಾಲಿ ರೈಫಲ್ಲಿನ ಸ್ಟಾಕನ್ನು ಮುಂಭಾಗದಲ್ಲಿ ಹಿಡಿದು ಬ್ಯಾರೆಲ್ಲಿನ ಕಡೆಗೆ ಒತ್ತಿ. ತಗಲಿದರೆ, ಬೈಪಾಡ್ (ಮುಂಭಾಗದ ಎರಡು ಕಾಲಿನ ಊರೆ) ಮೇಲೆ ಭಾರ ಹಾಕಿದಾಗೆಲ್ಲ ಗುಂಡು ಬೀಳುವ ಜಾಗ ಸರಿಯುತ್ತದೆ. 457ರ ಮರದ ಸ್ಟಾಕ್ ಹಾಗೆ ಬಾಗುವುದಿಲ್ಲ. ಲೋಹದ ಭಾಗವನ್ನು ಸ್ಟಾಕಿಗೆ ಬಿಗಿಯುವ ಆಕ್ಷನ್ ತಿರುಪುಗಳನ್ನು ಮಾತ್ರ ಟಾರ್ಕ್ ಸ್ಕ್ರೂಡ್ರೈವರಿನಿಂದ ಪ್ರತಿ ಸಲ ಒಂದೇ ಅಳತೆಗೆ ಬಿಗಿಯಬೇಕು, ಮರ ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ.

ಸ್ಕೋಪ್ ಕೂರಿಸುವಲ್ಲಿ ಎರಡು ತೊಡಕು. 457ರ ಮೇಲಿರುವುದು 11 ಮಿ.ಮೀ. ಡವ್‌ಟೇಲ್, ಅಂದರೆ ಸ್ಕೋಪಿನ ರಿಂಗು ಕಚ್ಚಿಕೊಳ್ಳುವ ಹಳಿ. ಅಮೆರಿಕದ ಹೆಚ್ಚಿನ ರಿಮ್‌ಫೈರ್ ರಿಂಗುಗಳು 3/8 ಇಂಚಿನವು, ಅಂದರೆ 9.5 ಮಿ.ಮೀ. ಬಿಗಿದಂತೆ ಕಂಡರೂ ಅಂಚಿನಲ್ಲಷ್ಟೇ ಕಚ್ಚಿ ಕೂರುತ್ತವೆ. ಪೆಟ್ಟಿಗೆಯ ಮೇಲೆ 11 ಮಿ.ಮೀ. ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ. ಎರಡನೆಯದು ಪ್ಯಾರಲಾಕ್ಸ್. ದೊಡ್ಡ ರೈಫಲ್ಲಿನಿಂದ ಬಿಚ್ಚಿದ ಸ್ಕೋಪ್ ಸಾಮಾನ್ಯವಾಗಿ 100 ಗಜಕ್ಕೋ ಅದರಾಚೆಗೋ ಹೊಂದಿಸಿದ್ದಾಗಿರುತ್ತದೆ. 50 ಗಜದಲ್ಲಿ ಕಣ್ಣು ಚೂರು ಸರಿದರೂ ಕ್ರಾಸ್‌ಹೇರ್ ಗುರಿಯ ಮೇಲೆ ಓಡಾಡುತ್ತದೆ. ಪ್ಯಾರಲಾಕ್ಸ್ ತಿರುಗಣೆ ಇರುವ ಸ್ಕೋಪಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ತೋಟಾ. ಒಂದು .22 ಬ್ಯಾರೆಲ್ಲಿಗೆ ಹಿಡಿಸಿದ್ದು ಪಕ್ಕದ ಬ್ಯಾರೆಲ್ಲಿಗೆ ಹಿಡಿಸದಿರಬಹುದು. ಅದಕ್ಕೇ ಮೊದಲು ಸಿಸಿಐ ಸ್ಟಾಂಡರ್ಡ್, ಎಸ್‌ಕೆ ಸ್ಟಾಂಡರ್ಡ್ ಪ್ಲಸ್, ಎಲೀ ಕ್ಲಬ್, ಲಾಪುವಾ ಸೆಂಟರ್-ಎಕ್ಸ್ ಇವುಗಳಲ್ಲಿ ಒಂದೊಂದು ಪೆಟ್ಟಿಗೆ ತರುವುದು ಒಳ್ಳೆಯದು. ಅತಿವೇಗದ ಗುಂಡಿನ ಆಸೆ ಬೇಡ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 1125 ಅಡಿ. ಸಿಸಿಐ ಸ್ಟಾಂಡರ್ಡ್‌ನಂಥ 40 ಗ್ರೇನ್ ತೂಕದ ಗುಂಡು 1070ರಲ್ಲಿ ಹೊರಟು ಕೊನೆಯವರೆಗೂ ಅದರ ಕೆಳಗೇ ಇರುತ್ತದೆ. 1235ರಲ್ಲಿ ಹೊರಟದ್ದು ದಾರಿಯಲ್ಲಿ ಶಬ್ದವೇಗದಿಂದ ಕೆಳಗಿಳಿಯುತ್ತದೆ, ಆ ಹಂತದಲ್ಲಿ ಗುಂಡು ಅಲುಗುತ್ತದೆ.

ತೋಟಾ ಬದಲಿಸಿದ ತಕ್ಷಣ ಹೊಡೆದ ಗುಂಪನ್ನು (ಒಂದೇ ಗುರಿಗೆ ಸತತವಾಗಿ ಹೊಡೆದ ಗುಂಡುಗಳ ರಂಧ್ರಗಳು) ಲೆಕ್ಕಕ್ಕೆ ಹಿಡಿಯಬೇಡಿ. .22 ಗುಂಡಿನ ಮೈಮೇಲೆ ಮೇಣ ಸವರಿರುತ್ತಾರೆ, ಒಂದೊಂದು ಕಂಪನಿಯದು ಒಂದೊಂದು ಬಗೆ. ಹಳೆಯ ಮೇಣ ಹೋಗಿ ಹೊಸದು ಬ್ಯಾರೆಲ್ಲಿನ ಉದ್ದಕ್ಕೂ ಸಮನಾಗಿ ಕೂರಲು ಹತ್ತಿಪ್ಪತ್ತು ಗುಂಡು ಬೇಕು. ಆಮೇಲೆ ಐದರ ಗುಂಪುಗಳನ್ನು ಕನಿಷ್ಠ ನಾಲ್ಕಾದರೂ ಹೊಡೆದು ಸರಾಸರಿ ನೋಡಿ. ಹಿಡಿಸಿದ ತೋಟಾ ಸಿಕ್ಕರೆ 50 ಗಜದಲ್ಲಿ ಗುಂಪಿನ ಅಗಲ ಸರಾಸರಿ ಅರ್ಧ ಇಂಚಿನ ಆಸುಪಾಸು ನಿರೀಕ್ಷಿಸಬಹುದು. ಹೋಲಿಕೆಗೆ ಹೇಳುವುದಾದರೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯಲ್ಲಿ ಬಳಸುವುದೂ ಇದೇ .22 ಲಾಂಗ್ ರೈಫಲ್ ತೋಟಾ. ಅಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ.

ಇಲ್ಲಿಯವರೆಗೆ ಬರೀ ಹೊಗಳಿಕೆ. ಕಾಟ ಶುರುವಾಗುವುದು ಕೆಲವು ನೂರು ಗುಂಡುಗಳ ನಂತರ. ಚೆನ್ನಾಗಿ ಕೂರುತ್ತಿದ್ದ ಗುಂಪಿನಿಂದ ಐದರಲ್ಲಿ ಒಂದು ಗುಂಡು ಸುಮ್ಮಸುಮ್ಮನೆ ಹೊರಗೆ ಹಾರುತ್ತದೆ. ಬೋಲ್ಟನ್ನು ಕೆಳಗಿಳಿಸುವಾಗ ಕೊನೆಯಲ್ಲಿ ಬಿಗಿ ಎನಿಸುತ್ತದೆ. ಹೊಡೆಯದ ತೋಟಾವನ್ನು ಹೊರತೆಗೆದು ನೋಡಿದರೆ ಸೀಸದ ಮೇಲೆ ಸುತ್ತಲೂ ಕೆರೆದ ಗೆರೆ ಕಾಣುತ್ತದೆ. ಬಹಳ ಜನ ಇಲ್ಲಿ ಸ್ಕೋಪನ್ನು ಶಂಕಿಸುತ್ತಾರೆ, ರಿಂಗು ಬದಲಿಸುತ್ತಾರೆ, ಕೊನೆಗೆ ಬ್ಯಾರೆಲ್ ಸವೆಯಿತೆಂದು ರೈಫಲ್ಲನ್ನೇ ಮಾರುತ್ತಾರೆ. ಕಾರಣ ಚೇಂಬರಿನಲ್ಲಿ, ಹಿತ್ತಾಳೆಯ ಕೇಸು ಮುಗಿಯುವ ಜಾಗದ ಎದುರಿಗೇ ಇರುತ್ತದೆ. ಸುಡದೆ ಉಳಿದ ಮದ್ದು, ಮಸಿ, ಕರಗಿದ ಮೇಣ ಸೇರಿ ಅಲ್ಲಿ ಗಟ್ಟಿಯಾದ ಉಂಗುರ ಕಟ್ಟುತ್ತದೆ, ಹಾಲು ಕಾಯಿಸಿದ ಪಾತ್ರೆಯ ತಳ ಹಿಡಿದಂತೆ. ಪ್ರತಿ ಗುಂಡೂ ಅದನ್ನು ಉಜ್ಜಿಕೊಂಡೇ ಹೋಗಬೇಕು, ಒಂದು ಚೂರು ಓರೆಯಾದರೂ ಗುರಿ ತಪ್ಪುತ್ತದೆ. ಇದು ಸಿಝಡ್‌ನದೇ ದೋಷವಲ್ಲ, ಯಾವ .22 ರೈಫಲ್ಲಿಗೂ ಬರುತ್ತದೆ. ಚೇಂಬರ್ ಬಿಗಿಯಾದಷ್ಟೂ ಬೇಗ ಗೊತ್ತಾಗುತ್ತದೆ, ಆದ್ದರಿಂದ ಮ್ಯಾಚ್ ಚೇಂಬರ್ (ಸ್ಪರ್ಧೆಗೆಂದು ಬಿಗಿಯಾಗಿ ಕೊರೆದದ್ದು) ಇರುವ ಎಂಟಿಆರ್ ಮಾದರಿ ಕೊಂಡವರು ಇನ್ನೂ ಎಚ್ಚರವಾಗಿರಬೇಕು.

ಬ್ಯಾರೆಲ್ಲಿನಲ್ಲಿ ಬರೀ ಚಿಂದಿ ಎಳೆದರೆ ಈ ಉಂಗುರ ಅಲುಗುವುದಿಲ್ಲ. ಮ್ಯಾಗಝೀನ್ ತೆಗೆದು, ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿ. ಟ್ರಿಗರ್ ಒತ್ತಿ ಹಿಡಿದು ಬೋಲ್ಟನ್ನು ಹಿಂದಕ್ಕೆ ಎಳೆದರೆ ಅದು ಹೊರಬರುತ್ತದೆ. ಹಿಂಬದಿಯಿಂದ ಬೋರ್ ಗೈಡ್ (ಸ್ವಚ್ಛಗೊಳಿಸುವ ಸಲಾಕೆ ಓರೆಯಾಗದಂತೆ ಹಿಡಿಯುವ ಕೊಳವೆ) ತೂರಿಸಿ. ಕಾರ್ಬನ್ ಕರಗಿಸುವ ದ್ರಾವಣದಲ್ಲಿ ಒದ್ದೆ ಮಾಡಿದ ಚಿಂದಿಯನ್ನು ಚೇಂಬರಿನ ಬಾಯಿಗೆ ಒಯ್ದು ಹತ್ತು ಹದಿನೈದು ನಿಮಿಷ ಬಿಡಿ. ಅವಸರ ಮಾಡಿದರೆ ಕೆಲಸ ಕೆಡುವುದು ಇಲ್ಲೇ. ಬಳಿಕ ಒದ್ದೆ ಮಾಡಿದ ಕಂಚಿನ ಬ್ರಷ್ಷನ್ನು ಚೇಂಬರ್ ಮತ್ತು ಅದರ ಮುಂದಿನ ಒಂದಂಗುಲದಲ್ಲಷ್ಟೇ ನಿಧಾನವಾಗಿ ಆಡಿಸಿ. ಒಣ ಬ್ರಷ್ ಬೇಡ, ಕೆಲವು ತೋಟಾಗಳ ಪ್ರೈಮರ್ ಮಿಶ್ರಣದಲ್ಲಿ (ಮದ್ದಿಗೆ ಕಿಡಿ ಹಚ್ಚುವಂಥದ್ದು) ಗಾಜಿನ ಪುಡಿ ಇರುತ್ತದೆ, ಅದು ಉಜ್ಜಿದಲ್ಲೆಲ್ಲ ಗೀರುತ್ತದೆ. ಮೊದಲ ಚಿಂದಿ ಕಡು ಕಪ್ಪು, ಮೂರನೆಯದು ಬೂದು, ಕೊನೆಗೆ ಬಿಳಿಯಾಗಿ ಬರಬೇಕು. ಫೋನಿಗೆ ಜೋಡಿಸುವ ಅಗ್ಗದ ಬೋರ್‌ಸ್ಕೋಪ್ ಇದ್ದರೆ ಉಂಗುರ ಹೋಯಿತೋ ಇಲ್ಲವೋ ಕಣ್ಣಾರೆ ನೋಡಬಹುದು. ಮುಂದಿನ ಬ್ಯಾರೆಲ್ಲಿನ ಉದ್ದವನ್ನು ಪ್ರತಿ ಸಲ ತಿಕ್ಕಿ ತೊಳೆಯುವ ಅಗತ್ಯವಿಲ್ಲ, ಅಲ್ಲಿ ಕೂತ ಮೇಣ ಬೇಕಾದದ್ದೇ.

ಈ ಕೆಲಸ ರೂಢಿಯಾದ ಮೇಲೆ ರೈಫಲ್ ಮೇಲಿನ ಸಿಟ್ಟು ಇಳಿಯುತ್ತದೆ, ಬಿಳಿ ಚಿಂದಿ ನೋಡುವುದೇ ಒಂದು ತೃಪ್ತಿ. ಕೆಲಸ ಮುಗಿಸಿದ ಮೇಲೆ ತಣ್ಣೀರು ಮತ್ತು ಸೋಪಿನಿಂದ ಕೈ ತೊಳೆಯಿರಿ, ಸೀಸದ ಧೂಳು ಕೈಯಿಂದ ಊಟಕ್ಕೆ ಹೋಗಬಾರದು.

ಮನೆಯಲ್ಲಿ ಟ್ರಿಗರ್ ಅಭ್ಯಾಸಕ್ಕೆ ಖಾಲಿ ಚೇಂಬರಿನ ಮೇಲೆ ಹೊಡೆಯಬೇಡಿ, ತೋಟಾವನ್ನು ಬಡಿಯುವ ಸೂಜಿ (ಫೈರಿಂಗ್ ಪಿನ್) ಚೇಂಬರಿನ ಅಂಚಿಗೆ ತಾಗಿದರೆ ಅಲ್ಲಿ ಗುಳಿ ಬೀಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗೋಡೆಯಲ್ಲಿ ತಿರುಪು ಕೂರಿಸಲು ಬಳಸುವ ಹಳದಿ ಪ್ಲಾಸ್ಟಿಕ್ ಡ್ರೈವಾಲ್ ಆಂಕರ್, 4-6 ಅಳತೆಯದು, .22 ಚೇಂಬರಿಗೆ ಸರಿಯಾಗಿ ಕೂರುತ್ತದೆ. ನಾಲ್ಕೈದು ಪೆಟ್ಟಿಗೊಮ್ಮೆ ಅದನ್ನು ಚೂರು ತಿರುಗಿಸಿ, ಅಂಚೆಲ್ಲ ಜಜ್ಜಿಹೋದ ಮೇಲೆ ಎಸೆದು ಹೊಸದು ಹಾಕಿ.

ಅಮೆರಿಕದಲ್ಲಿ ಕೊಳ್ಳಲು ಹೊರಡುವ ನಮ್ಮವರಿಗೆ ಕಾನೂನಿನ ಒಂದು ಮಾತು. ಗ್ರೀನ್ ಕಾರ್ಡ್ ಇದ್ದವರು ಅಂಗಡಿಯಲ್ಲಿ ಬಂದೂಕು ಖರೀದಿಯ ಸರ್ಕಾರಿ ಫಾರ್ಮ್ 4473 ತುಂಬಿ ಕೊಳ್ಳಬಹುದು, ಅದರಲ್ಲಿ ಕಾರ್ಡಿನ ಏಲಿಯನ್ ನಂಬರ್ ಕೇಳುತ್ತಾರೆ. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಅಥವಾ ತೋಟಾ ಹೊಂದುವುದನ್ನೇ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು, ಆದರೆ ರಾಜ್ಯದ ನಿಯಮ ಬೇರೆಯಾಗಿರಬಹುದು. ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಳ್ಳುವ ಮುಂಚೆಯೂ ಇದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ, ವೀಸಾಕ್ಕೇ ತೊಂದರೆಯಾಗುವ ವಿಷಯವಿದು.