ಬಿಡ್ ಹಾಕೋದಾ, ನೇರವಾಗಿ ಕೊಳ್ಳೋದಾ?

ಕೈಯಲ್ಲಿ ತಿರುಗಿಸುವ ಹಳೇ ಕಾಫಿ ಗ್ರೈಂಡರ್ ಬೇಕು ಅಂತ ಚಿಕ್ಕಮಗಳೂರಿನ ಗೆಳೆಯರು ಆಗಾಗ ಕೇಳುತ್ತಾರೆ. 1995ರಲ್ಲಿ ಶುರುವಾದ ಇಬೇ ಎಂಬ ಆನ್‌ಲೈನ್ ಮಾರಾಟದ ಸೈಟಿನಲ್ಲಿ ಇಂಥವು ಸಿಗುತ್ತವೆ. ಕೊಳ್ಳಲು ಮುಖ್ಯವಾಗಿ ಎರಡು ದಾರಿ.

'ಬೈ ಇಟ್ ನೌ' ಸುಲಭ. ಬರೆದಿರುವ ಬೆಲೆ ಕೊಟ್ಟರೆ ವಸ್ತು ನಿಮ್ಮದು.

ಹರಾಜು ಹಾಗಲ್ಲ. ನಮ್ಮ ಸಂತೆಯ ಹರಾಜಿನಂತೆ ಕೂಗುತ್ತಾ ನಿಲ್ಲಬೇಕಿಲ್ಲ. ನೀವು ಕೊಡಬಲ್ಲ ಗರಿಷ್ಠ ಬೆಲೆ ಒಮ್ಮೆ ಹಾಕಿದರೆ ಸಾಕು, ಅದೇ ನಿಮ್ಮ ಬಿಡ್. ಉಳಿದವರಿಗೆ ಅದು ಕಾಣುವುದಿಲ್ಲ. ನಿಮ್ಮ ಪರವಾಗಿ ಸೈಟೇ ಬೇಕಾದಷ್ಟು ಮಾತ್ರ ಏರಿಸುತ್ತದೆ. ನೀವು 50 ಡಾಲರ್ ಹಾಕಿ, ಇನ್ನೊಬ್ಬರು 36ಕ್ಕೆ ನಿಂತರೆ, ನಿಮಗೆ ಸುಮಾರು 37ಕ್ಕೇ ಸಿಗುತ್ತದೆ. ಮಳೆಗಾಲದಲ್ಲಿ ಮೂಡಿಗೆರೆ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವಲ್ಲ, ಆಗಲೂ ನಿಮ್ಮ ಬಿಡ್ ಕೆಲಸ ಮಾಡುತ್ತಲೇ ಇರುತ್ತದೆ. ಇದು ನನಗೆ ತುಂಬಾ ಇಷ್ಟ.

ಆದರೆ ಕೊನೆಯ ಕೆಲವು ಸೆಕೆಂಡಿನಲ್ಲಿ ಯಾರೋ ಬಂದು ಜಾಸ್ತಿ ಹಾಕಿಬಿಡಬಹುದು. ಸಮಯ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ಮೊದಲೇ ಮನಸ್ಸಿನ ನಿಜವಾದ ಬೆಲೆ ಹಾಕಿ. ಹಟಕ್ಕೆ ಬಿದ್ದು ಸುಮ್ನೆ ಏರಿಸಬೇಡಿ, ಗೆದ್ದರೆ ಕೊಳ್ಳಲೇಬೇಕು. ಮಾರುವವರಲ್ಲಿ ಕೆಲವರು ಗುಟ್ಟಾಗಿ ಕನಿಷ್ಠ ಬೆಲೆ ಇಟ್ಟಿರುತ್ತಾರೆ. ಅದನ್ನು ಮುಟ್ಟದಿದ್ದರೆ ಮಾರಬೇಕಾಗಿಲ್ಲ.

ಎರಡರಲ್ಲೂ ಸಾಗಣೆ, ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಬೀಡುಕಬ್ಬಿಣದ ಗ್ರೈಂಡರ್ ಭಾರ ಜಾಸ್ತಿ. ವಸ್ತುವಿಗಿಂತ ಸಾಗಣೆಯೇ ದುಬಾರಿಯಾಗಬಹುದು.

ಅಪರೂಪದ್ದಾದರೆ ನಾನು ಹರಾಜಿಗೇ ಹೋಗುತ್ತೇನೆ. ಹತ್ತು ಜನ ಮಾರುತ್ತಿರುವ ವಸ್ತುವಾದರೆ ನೇರವಾಗಿ ಕೊಳ್ಳಿ.