ಕ್ಲಾಸ್ ಬ್ಲಾಗಿಗೆ ಬ್ಲಾಗರ್ ಹೇಗಿದೆ? ಒಂದು ವರ್ಷ ಬಳಸಿ ನೋಡಿದ್ಮೇಲೆ

ಕೊಡೆ ರಿಪೇರಿ ಮಾಡೋ ತನ್ನ ಅಜ್ಜನ ಬಗ್ಗೆ ಒಬ್ಬ ಹುಡುಗ ನಮ್ಮ ಕ್ಲಾಸ್ ಬ್ಲಾಗಲ್ಲಿ 8 ಸಾಲು ಬರೆದಿದ್ದ. ಅಜ್ಜ ಒಳ್ಳೆಯವರು, ಕಷ್ಟಪಟ್ಟು ದುಡೀತಾರೆ, ಅವ್ರು ಅಂದ್ರೆ ನಂಗಿಷ್ಟ, ಇಷ್ಟೇ. ಕೆಳಗೆ 11 ಕಮೆಂಟು, ಹನ್ನೊಂದೂ ‘ಸೂಪರ್’, ‘ಚೆನ್ನಾಗಿದೆ’, ಇಲ್ಲಾಂದ್ರೆ ಬರೀ ಹೆಬ್ಬೆರಳು. ನಂಗೆ ತುಂಬಾ ಬೇಜಾರಾಯ್ತು, ಇದಕ್ಕೋಸ್ಕರಾನಾ ಇಷ್ಟೆಲ್ಲ ಓಡಾಡಿ ಬ್ಲಾಗ್ ಮಾಡ್ಸಿದ್ದು ಅನ್ನಿಸ್ತು. ಆ ಹುಡುಗನ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದ್ಲು ಬ್ಲಾಗರ್ ಬಗ್ಗೆ, ಅಂದ್ರೆ ನಾವು ಬ್ಲಾಗ್ ಮಾಡಿದ ಗೂಗಲ್‌ನ ವೆಬ್‌ಸೈಟ್ ಬಗ್ಗೆ ಹೇಳ್ಬಿಡ್ತೀನಿ.

ಇದು 1999ರಲ್ಲಿ ಪೈರಾ ಲ್ಯಾಬ್ಸ್ ಅನ್ನೋ ಸಣ್ಣ ಕಂಪನಿ ಶುರು ಮಾಡಿದ್ದು, 2003ರಲ್ಲಿ ಗೂಗಲ್ ಕೊಂಡ್ಕೊಳ್ತು. ಹಳೇ ಕಾಲದ್ದು ಅಂತ ಮೂಗು ಮುರಿಯೋರಿದ್ದಾರೆ, ಆದ್ರೆ ಕ್ಲಾಸಿಗೆ ಅದೇ ಒಳ್ಳೇದಾಯ್ತು, ಕಲಿಯೋಕೆ ಹೆಚ್ಚೇನಿಲ್ಲ, ದುಡ್ಡು ಕೊಡ್ಬೇಕಾಗಿಲ್ಲ, ಎರಡನೇ ದಿನಕ್ಕೇ ಮಕ್ಕಳು ತಾವೇ ಪೋಸ್ಟ್ ಹಾಕ್ತಿದ್ರು. ಒಂದು ಬ್ಲಾಗಿಗೆ 100 ಜನ ಸದಸ್ಯರ ತನಕ ಸೇರಿಸ್ಬೋದು. ಮಕ್ಕಳನ್ನ ‘ಲೇಖಕ’ ಅಂತಷ್ಟೇ ಸೇರಿಸಿ, ಆಗ ಅವ್ರವ್ರ ಪೋಸ್ಟ್ ಅವ್ರು ಮಾತ್ರ ತಿದ್ದಬೋದು, ಇನ್ನೊಬ್ಬರದ್ದನ್ನ ಮುಟ್ಟೋಕಾಗಲ್ಲ. ಅಡ್ಮಿನ್ ನೀವೊಬ್ಬರೇ ಇರಿ. ಓದೋದನ್ನೂ ನೀವು ಆರಿಸಿದವರಿಗೆ ಮಾತ್ರ ಅಂತ ಮಾಡ್ಬೋದು, ಮಕ್ಕಳ ವಿಷಯ ಆದ್ದರಿಂದ ನಾನು ಮೊದಲ ದಿನವೇ ಅದನ್ನ ಮಾಡಿದ್ದೆ. ಒಂದು ತೊಡಕು ಏನಂದ್ರೆ ಎಲ್ರಿಗೂ ಗೂಗಲ್ ಅಕೌಂಟ್ ಬೇಕು, ಸ್ವಂತವಾಗಿ ಅಕೌಂಟ್ ಮಾಡ್ಕೊಳ್ಳೋಕೆ ಹೆಚ್ಚಿನ ದೇಶಗಳಲ್ಲಿ 13 ತುಂಬಿರ್ಬೇಕು, ಹಾಗಾಗಿ ತೀರಾ ಚಿಕ್ಕ ಮಕ್ಕಳ ಕ್ಲಾಸಿಗೆ ಇದು ಬೇಡ.

ಈಗ ಕಮೆಂಟ್. ಬ್ಲಾಗರ್‌ನ ಕಮೆಂಟ್ ಪೆಟ್ಟಿಗೆ ತುಂಬಾ ಸರಳ, ಒಂದು ಕಮೆಂಟಿಗೆ 4096 ಅಕ್ಷರದ ಮಿತಿ, ಮಕ್ಕಳಿಗೆ ಅದು ಧಾರಾಳ ಸಾಕು. ಒಂದು ಕಮೆಂಟಿನ ಕೆಳಗೆ ಉತ್ತರ ಬರೀಬೋದು, ಆದ್ರೆ ಒಂದೇ ಹಂತ, ಉತ್ತರಕ್ಕೆ ಮತ್ತೆ ಉತ್ತರ ಅಂತ ಒಳಗೆ ಒಳಗೆ ಹೋಗಲ್ಲ, ಎಲ್ಲಾ ಒಂದೇ ಸಾಲಲ್ಲಿ ನಿಲ್ಲುತ್ತೆ. ಹಾಕಿದ ಕಮೆಂಟ್ ತಿದ್ದೋಕಾಗಲ್ಲ, ಅಳಿಸಿ ಹೊಸದಾಗೇ ಬರೀಬೇಕು. ಇದು ಕೊರತೆ ಅಂತ ಮೊದ್ಲು ಅನ್ಕೊಂಡಿದ್ದೆ, ಆದ್ರೆ ಇದ್ರಿಂದ್ಲೇ ಮಕ್ಕಳು ಒತ್ತೋ ಮುಂಚೆ ಇನ್ನೊಂದ್ಸಲ ಓದೋಕೆ ಶುರು ಮಾಡಿದ್ರು.

ಮಾಡರೇಶನ್ ಅಂತ ಒಂದಿದೆ, ಆನ್ ಮಾಡಿದ್ರೆ ನೀವು ಒಪ್ಪಿಗೆ ಕೊಟ್ಟಮೇಲೇ ಕಮೆಂಟ್ ಕಾಣೋದು. ಭದ್ರ, ಸರಿ. ಆದ್ರೆ ರಾತ್ರಿ ಉತ್ಸಾಹದಲ್ಲಿ ಬರೆದದ್ದು ಮಾರನೇ ದಿನ ಮಧ್ಯಾಹ್ನ ಕಾಣಿಸಿದ್ರೆ ಆ ಹೊತ್ತಿಗೆ ಮಾತು ಆರಿಹೋಗಿರುತ್ತೆ. ಹಾಗಾಗಿ ಮೊದಲ ತಿಂಗಳು ಮಾತ್ರ ಆನ್ ಇಟ್ಟು ಆಮೇಲೆ ತೆಗೆದೆ, ಸದಸ್ಯರು ಮಾತ್ರ ಕಮೆಂಟ್ ಮಾಡ್ಬೋದು ಅನ್ನೋದನ್ನ ಹಾಗೇ ಬಿಟ್ಟೆ, ಪ್ರತಿ ಕಮೆಂಟೂ ನನ್ನ ಇಮೇಲಿಗೆ ಬರೋ ಹಾಗೆ ಮಾಡ್ಕೊಂಡೆ.

ಕೊಡೆ ಹುಡುಗನ ಪೋಸ್ಟ್ ಆದ್ಮೇಲೆ ಕ್ಲಾಸಲ್ಲಿ ಒಂದೇ ಮಾತು ಹೇಳ್ದೆ. ಕಮೆಂಟ್ ಬರೆಯೋ ಮುಂಚೆ ಆ ಪೋಸ್ಟಿಂದ ನಿಮ್ಮನ್ನ ನಿಲ್ಸಿದ ಒಂದು ಸಾಲನ್ನ ಕಾಪಿ ಮಾಡಿ ಅಂಟ್ಸಿ, ಅದು ಯಾಕೆ ನಿಲ್ಸಿತು ಅಂತ ಬರೀರಿ, ಆಮೇಲೆ ಬರೆದವ್ರಿಗೆ ಮಾತ್ರ ಉತ್ತರ ಗೊತ್ತಿರೋ ಒಂದು ಪ್ರಶ್ನೆ ಕೇಳಿ. ಕ್ಲಾಸಲ್ಲಿ ಬಾಯೇ ಬಿಡದ ಒಬ್ಬಳು ಹುಡುಗಿ ಅವತ್ತು ಸಂಜೆ ಅವನಿಗೆ ಬರೆದ್ಲು, ‘ಅಜ್ಜ ಕಷ್ಟಪಟ್ಟು ದುಡೀತಾರೆ ಅಂತ ಬರೆದಿದ್ದೀಯ, ಕೊಡೆ ಕಡ್ಡಿ ಮುರಿದಿದ್ರೆ ಅವ್ರು ಏನಿಂದ ಕಟ್ತಾರೆ? ನೀನು ಪಕ್ಕದಲ್ಲಿ ಕೂತು ನೋಡಿದ್ದೀಯಾ?’

ಅವನು ಅದಕ್ಕೆ 14 ಸಾಲು ಉತ್ತರ ಬರೆದ. ಅಜ್ಜ ಹಳೇ ಕೊಡೆಗಳ ಕಡ್ಡಿಗಳನ್ನ ಉದ್ದದ ಪ್ರಕಾರ ಜೋಡಿಸಿ ಇಟ್ಕೊಂಡಿರ್ತಾರೆ, ತೆಳು ತಂತೀನ ಹಲ್ಲಲ್ಲಿ ಕಚ್ಚಿ ಹಿಡ್ಕೊಂಡು ಎರಡು ಕೈಲೂ ಸುತ್ತುತಾರೆ, ಸರಿಯಾಯ್ತಾ ಅಂತ ನೋಡೋಕೆ ಕೊಡೆ ಬಿಚ್ಚಿ ಬೆಳಕಿಗೆ ಹಿಡಿದಾಗ ಬಟ್ಟೆಯ ತೂತುಗಳಿಂದ ಅವ್ರ ಮುಖದ ಮೇಲೆ ಚುಕ್ಕಿ ಚುಕ್ಕಿ ಬಿಸಿಲು ಬೀಳುತ್ತೆ. ನಾನು ಓದಿ ಸುಮ್ನೆ ಕೂತ್ಬಿಟ್ಟೆ. ಆ 8 ಸಾಲಲ್ಲಿ ಇದು ಒಂದೂ ಇರ್ಲಿಲ್ಲ. ನೋಟ್‌ಬುಕ್ಕಲ್ಲಿ ಬರೆದಿದ್ರೆ ನಾನು ಕೆಂಪು ಪೆನ್ನಲ್ಲಿ ‘ಇನ್ನೂ ವಿವರ ಬೇಕು’ ಅಂತ ಗೀಚಿ ಮುಂದಕ್ಕೆ ಹೋಗ್ತಿದ್ದೆ, ಆ ಮಾತಿಂದ ಅವನಿಗೆ ಆ ತಂತಿ ನೆನಪಾಗ್ತಾನೇ ಇರ್ಲಿಲ್ಲ. ‘ಮಿಸ್, ಇದನ್ನ ಪೋಸ್ಟಿಗೇ ಸೇರಿಸ್ಲಾ?’ ಅಂತ ಅವನೇ ಬಂದು ಕೇಳ್ದ.

ಇನ್ನೊಂದು ವಿಷಯ ನಿಧಾನಕ್ಕೆ ಅರ್ಥ ಆಯ್ತು, ಟೀಚರ್ ಮೊದ್ಲು ಕಮೆಂಟ್ ಹಾಕ್ಬಾರ್ದು. ನಾನು ಏನಾದ್ರೂ ಹೊಗಳಿದ್ರೆ ಆಮೇಲೆ ಬಂದವ್ರೆಲ್ಲ ಅದನ್ನೇ ಹೊಗಳ್ತಿದ್ರು. ಈಗ ಎರಡು ದಿನ ಕಾಯ್ತೀನಿ. ಜೊತೆಗೆ ಎಷ್ಟು ಕಮೆಂಟ್ ಅನ್ನೋ ಸಂಖ್ಯೆ ಪೋಸ್ಟ್ ಕೆಳಗೇ ಕಾಣುತ್ತಲ್ಲ, ಅದನ್ನ ಮಕ್ಕಳು ಎಣಿಸ್ತಾರೆ, ಸೊನ್ನೆ ಇದ್ದ ಮಗು ಎರಡನೇ ಸಲ ಬರೆಯಲ್ಲ. ಪ್ರತಿಯೊಬ್ಬರೂ ವಾರಕ್ಕೆ ಎರಡು ಪೋಸ್ಟಿಗೆ ಕಮೆಂಟ್ ಮಾಡ್ಬೇಕು, ಅದ್ರಲ್ಲಿ ಒಂದು ಸೊನ್ನೆ ಇರೋದಾಗಿರ್ಬೇಕು ಅಂತ ಮಾಡಿದ್ಮೇಲೆ ಅದು ಸರಿಹೋಯ್ತು.

ಸ್ಟಾರ್ ಕೊಡೋದಾದ್ರೆ ಐದಕ್ಕೆ ನಾಲ್ಕು. ಉತ್ತರಕ್ಕೆ ಉತ್ತರ ಇದ್ದಿದ್ರೆ, ಪೋಸ್ಟಿನ ಒಂದು ಸಾಲನ್ನೇ ಹಿಡ್ದು ಅಲ್ಲೇ ಪಕ್ಕದಲ್ಲಿ ಕಮೆಂಟ್ ಬರೆಯೋ ಹಾಗಿದ್ದಿದ್ರೆ ಐದೂ ಕೊಡ್ತಿದ್ದೆ. ವರ್ಷದ ಕೊನೆಗೆ ಬ್ಯಾಕಪ್ ತಗೊಳ್ಳೋದು ಮರೀಬೇಡಿ, ಪೋಸ್ಟ್ ಜೊತೆ ಕಮೆಂಟೂ ಬರುತ್ತೆ. ಮುಂದಿನ ಬ್ಯಾಚಿಗೆ ಮೊದಲ ದಿನ ಏನೂ ಪಾಠ ಮಾಡಲ್ಲ, ಆ ಹುಡುಗ ಒಪ್ಪಿದ್ದಾನೆ, ಕೊಡೆ ಪೋಸ್ಟು ಅದ್ರ ಕೆಳಗಿನ ಕಮೆಂಟು ಎರಡನ್ನೂ ಓದಿ ಹೇಳ್ತೀನಿ.